ಹಳೇ ಗೇಮಿಗೆ ಹೊಸ ಬಣ್ಣ ಹೊಡೆದ್ರಿ ಸರಿ, ಹಳೇದನ್ನ ಎಲ್ಲಿಟ್ರಿ?

ದಸರಾ ರಜೆಗೆ ಮಂಡ್ಯದಿಂದ ಅಕ್ಕನ ಮಗ ಬಂದಿದ್ದ, ಐದನೇ ಕ್ಲಾಸು. ಎಕ್ಸಿಬಿಷನ್‌ಗೆ ಹೋಗೋಣ ಮಾವ ಅಂತ ಬೆಳಗ್ಗಿಂದ ಒಂದೇ ಹಠ, ಹೊರ್ಗಡೆ ನೋಡಿದ್ರೆ ಜಿಟಿಜಿಟಿ ಮಳೆ, ಸರಿ ಒಂದ್ ಗಂಟೆ ಸುಮ್ನಿರ್ಲಿ ಅಂತ ಲ್ಯಾಪ್‌ಟಾಪಲ್ಲಿ ಟೂಂಬ್ ರೇಡರ್ ಗೇಮ್ ಹಾಕ್ಕೊಟ್ಟೆ. 2024ರ ಫೆಬ್ರವರೀಲಿ ಬಂತಲ್ಲ, ಮೊದಲ ಮೂರು ಭಾಗ ಸೇರ್ಸಿ ರಿಮಾಸ್ಟರ್ ಮಾಡಿದ್ದು, ಅದು. ಎರಡನೇ ಭಾಗದಲ್ಲಿ ಗೇಮಿನ ಹೀರೋಯಿನ್ ಲಾರಾ ಮನೇಲಿ ಒಬ್ಬ ವಯಸ್ಸಾದ ಬಟ್ಲರ್ ಇರ್ತಾನೆ, ಕೈಲಿ ಟ್ರೇ ಹಿಡ್ಕೊಂಡು, ಕಪ್ಪು ಗಡಗಡ ಅನ್ನಿಸ್ಕೊಂಡು, ನಾವು ಹೋದಲ್ಲೆಲ್ಲಾ ಹಿಂದಿಂದೇನೇ ಬರ್ತಾನೆ. 1997ರಲ್ಲಿ ಈ ಗೇಮ್ ಬಂದಾಗಿಂದ ಇದನ್ನ ಆಡಿದ ಹುಡುಗ್ರೆಲ್ಲಾ ಮಾಡ್ಕೊಂಡು ಬಂದಿರೋ ಘನಂದಾರಿ ಕೆಲ್ಸ ಏನಪ್ಪಾ ಅಂದ್ರೆ ಆ ಮನುಷ್ಯನ್ನ ಉಪಾಯವಾಗಿ ಫ್ರೀಜರ್ ರೂಮಿಗೆ ಕರ್ಕೊಂಡೋಗಿ ಕೂಡಿಹಾಕೋದು. ನಾನೂ ಮಾಡಿದೀನಿ, ಅವನಿಗೂ ಹೇಳ್ಕೊಟ್ಟೆ.

ಈ ರಿಮಾಸ್ಟರಲ್ಲಿ ಒಂದು ಬಟನ್ ಇದೆ. ಆಡ್ತಾ ಆಡ್ತಾನೇ ಒತ್ತಿದ್ರೆ ಪಟ್ ಅಂತ ಹಳೇ ಗ್ರಾಫಿಕ್ಸು, ಇನ್ನೊಂದ್ಸಲ ಒತ್ತಿದ್ರೆ ಹೊಸದು. ಹಳೇದ್ರಲ್ಲಿ ಬಟ್ಲರ್ ಮುಖ ಅಂದ್ರೆ ನಾಕು ತ್ರಿಕೋನ ಅಂಟಿಸಿ ಚರ್ಮದ ಬಣ್ಣ ಬಳಿದಂಗಿದೆ, ಹೊಸದ್ರಲ್ಲಿ ಸುಕ್ಕೆಲ್ಲಾ ಕಾಣುತ್ತೆ. ಹುಡ್ಗ ಹಳೇ ಗ್ರಾಫಿಕ್ಸಲ್ಲಿ ಕೂಡಿಹಾಕಿ ಬಿದ್ದೂ ಬಿದ್ದೂ ನಕ್ಕ. ಆಮೇಲೆ ಬಟನ್ ಒತ್ತಿ ಹೊಸದ್ರಲ್ಲಿ ಅದೇ ಮಾಡೋಕೆ ಹೋದೋನು ಅರ್ಧಕ್ಕೇ ನಿಲ್ಲಿಸಿ, "ಮಾವ, ತಾತ ಕಣೋ ಪಾಪ, ಒಳಗೆ ಚಳಿ ಆಗಲ್ವಾ, ಬೇಡ ಬಿಡು" ಅಂದ. 27 ವರ್ಷದಿಂದ ಯಾರಿಗೂ ಕಾಡದ ಪಾಪಪ್ರಜ್ಞೆ ಇವನಿಗೆ ಕಾಡ್ತು ನೋಡಿ. ಆಟ ಅದೇ, ಬಾಗ್ಲೂ ಅದೇ, ಬದಲಾಗಿದ್ದು ಮುಖದ ಮೇಲಿನ ಬಣ್ಣ ಅಷ್ಟೇ. ಅವತ್ತಿಂದ ಈ ಹಳೇ ಗೇಮ್ ರಿಪೇರಿ ಮಾಡೋ ವಿಷ್ಯ ತಲೇಲಿ ಕೊರೀತಾ ಇದೆ.

ರಿಮಾಸ್ಟರು ರಿಮೇಕು ಎರಡೂ ಒಂದೇ ಅನ್ಕೊಂಡಿರೋರು ಜಾಸ್ತಿ. ಮೈಸೂರಿನೋರಿಗೆ ಇದನ್ನ ಹೇಳೋದು ಸುಲಭ. 2012ರಲ್ಲಿ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಒಂದು ಭಾಗ ಕುಸೀತು, 2016ರಲ್ಲಿ ದೇವರಾಜ ಮಾರ್ಕೆಟ್‌ದೂ ಒಂದು ಭಾಗ ಬಿತ್ತು, ಅವತ್ತಿಂದ ಊರಲ್ಲಿ ಒಂದೇ ಜಗಳ: ಇರೋ ಗೋಡೇನ ಗಟ್ಟಿ ಮಾಡಿ ಗಾರೆ ಮೆತ್ತಿ ಉಳಿಸ್ಕೊಳ್ಳೋದಾ, ಇಲ್ಲಾ ಪೂರ್ತಿ ಕೆಡವಿ ಅದೇ ಥರ ಕಾಣೋ ಹೊಸದನ್ನ ಕಟ್ಟೋದಾ. ಮೊದಲನೇದು ರಿಮಾಸ್ಟರು, ಎರಡನೇದು ರಿಮೇಕು. ಒಳಗಿನ ಹಳೇ ಕೋಡ್ ಹಂಗೇ ಇದ್ದು ಮೇಲಿನ ಚಿತ್ರ, ಸೌಂಡು, ಕಂಟ್ರೋಲು ಸರಿ ಮಾಡಿದ್ರೆ ರಿಮಾಸ್ಟರ್, ಪಾಯದಿಂದ ಮತ್ತೆ ಕಟ್ಟಿದ್ರೆ ರಿಮೇಕ್. ಮಧ್ಯದ ಜಾತಿನೂ ಇದೆ, 2025ರ ಏಪ್ರಿಲಲ್ಲಿ ಬಂದ ಆಬ್ಲಿವಿಯನ್ ರಿಮಾಸ್ಟರ್ಡ್ ಅನ್ನೋ ಗೇಮಲ್ಲಿ ಚಿತ್ರ ಬಿಡ್ಸೋದು ಹೊಸ ಅನ್‌ರಿಯಲ್ ಎಂಜಿನ್ನು (ಎಂಜಿನ್ ಅಂದ್ರೆ ಗೇಮ್ ಓಡ್ಸೋ ಸಾಫ್ಟ್‌ವೇರು), ಆದ್ರೆ ಕೆಳಗಡೆ ಗೇಮ್ ನಡೆಸ್ತಿರೋದು 2006ರ ಹಳೇ ಎಂಜಿನ್ನೇ, ಅದರ ಹಳೇ ತಮಾಷೆ ಬಗ್‌ಗಳ (ಕೋಡಿನ ತಪ್ಪುಗಳ) ಸಮೇತ.

ಇದೇನು ಇವತ್ತಿನ ಧಂದೆ ಅಲ್ಲ. 1993ರಲ್ಲೇ ನಿಂಟೆಂಡೊದೋರು ತಮ್ಮ ಹಳೇ ಮಾರಿಯೋ ಆಟಗಳ್ನ ಸೂಪರ್ ನಿಂಟೆಂಡೊ ಅನ್ನೋ ಗೇಮ್ ಮಷಿನ್ನಿಗೆ ಹೊಸದಾಗಿ ಚಿತ್ರ ಬಿಡ್ಸಿ ಸೂಪರ್ ಮಾರಿಯೋ ಆಲ್-ಸ್ಟಾರ್ಸ್ ಅಂತ ಒಂದೇ ಕ್ಯಾಸೆಟಲ್ಲಿ ಮಾರಿದ್ರು. ನಮ್ಗೆ ಅದ್ಯಾವುದೂ ಗೊತ್ತಿರ್ಲಿಲ್ಲ, ನಮ್ಮನೇಲಿ ಇದ್ದಿದ್ದು 9999 ಗೇಮ್ ಅಂತ ಬರೆದಿರೋ ಹಳದಿ ಕ್ಯಾಸೆಟ್ಟು, ಒಳಗೆ ಇರ್ತಿದ್ದಿದ್ದು ನಾಕೋ ಐದೋ ಆಟ, ಅದ್ನೇ ತಿರುಗಾ ಮುರುಗಾ. ಆಮೇಲೆ 2002ರಲ್ಲಿ ಕ್ಯಾಪ್‌ಕಾಮ್ ತನ್ನದೇ 1996ರ ರೆಸಿಡೆಂಟ್ ಈವಿಲನ್ನ ನಿಂಟೆಂಡೊದ ಗೇಮ್‌ಕ್ಯೂಬ್ ಮಷಿನ್ನಿಗೆ ಪೂರ್ತಿ ಹೊಸದಾಗಿ ಮಾಡ್ತು. ನನ್ ಪ್ರಕಾರ ರಿಮೇಕ್ ಅಂದ್ರೆ ಹೆಂಗಿರ್ಬೇಕು ಅನ್ನೋದಕ್ಕೆ ಅದೇ ಮೊದಲ ದೊಡ್ಡ ಉದಾಹರಣೆ. ಮನೆ ನಕ್ಷೆ ಬಹುಪಾಲು ಅದೇ, ಆದ್ರೆ ಒಂದ್ಸಲ ಸಾಯ್ಸಿದ ಝಾಂಬಿನ ಸುಡದೆ ಬಿಟ್ರೆ ಎದ್ದು ಇನ್ನೂ ಜೋರಾಗಿ ಓಡಿ ಬರುತ್ತೆ, ಹಳೇದನ್ನ ಬಾಯಿಪಾಠ ಮಾಡಿದ್ದೋನಿಗೇ ಅಲ್ಲಿ ಜಾಸ್ತಿ ಭಯ.

ನಿಜವಾದ ಸುಗ್ಗಿ ಶುರುವಾಗಿದ್ದು ಮನೆಮನೇಲಿ ಡಬ್ಬಾ ಟೀವಿ ಹೋಗಿ ಚಪ್ಪಟೆ ಟೀವಿ ಬಂದ್ಮೇಲೆ. ಹಳೇ ಗೇಮ್ ಮಾಡಿದೋರೆಲ್ಲಾ ಪಿಕ್ಚರ್ ಟ್ಯೂಬ್ ಟೀವಿನ ಮನಸಲ್ಲಿಟ್ಕೊಂಡೇ ಚಿತ್ರ ಬಿಡ್ಸಿದ್ರು, ಆ ಟ್ಯೂಬಲ್ಲಿ ಪಕ್ಕಪಕ್ಕದ ಚುಕ್ಕಿಗಳು ಒಂದಕ್ಕೊಂದು ಸ್ವಲ್ಪ ಕಲಸ್ಕೊಂಡು ನಯವಾಗಿ ಕಾಣ್ತಿದ್ವು. ಅದೇ ಆಟನ ಎಲ್ಇಡಿ ಟೀವಿಗೆ ಹಾಕಿದ್ರೆ ಬಿಡಿಬಿಡಿಯಾಗಿ ಇಟ್ಟಿಗೆ ಜೋಡಿಸಿದಂಗೆ. "ಅವಾಗ ಎಷ್ಟು ಚೆನ್ನಾಗಿತ್ತು, ಈಗೇನಿದು" ಅಂತ ನಮಗನ್ಸೋದು ಬರೀ ನೆನಪಿನ ಮೋಸ ಅಲ್ಲ, ಸ್ವಲ್ಪ ಮಟ್ಟಿಗೆ ಟೀವಿದೂ ತಪ್ಪಿದೆ. ಜೊತೆಗೆ ಇನ್ನೊಂದು ಕಾರಣ, 2013ರಲ್ಲಿ ಬಂದ ಪ್ಲೇಸ್ಟೇಷನ್ 4ರಲ್ಲಿ ಅದರ ಹಿಂದಿನ ಯಾವ ಪ್ಲೇಸ್ಟೇಷನ್ ಡಿಸ್ಕೂ ನಡೀತಿರ್ಲಿಲ್ಲ. ಹಳೇ ಡಿಸ್ಕ್ ನಡೆಯಲ್ಲ ಅಂದ್ಮೇಲೆ ಅದೇ ಆಟನ ಮತ್ತೆ ಮಾರಬಹುದಲ್ಲಾ. ದ ಲಾಸ್ಟ್ ಆಫ್ ಅಸ್ ಅನ್ನೋ ಗೇಮು 2013ರಲ್ಲಿ ಬಂತು, 2014ರಲ್ಲಿ ರಿಮಾಸ್ಟರ್ ಆಯ್ತು, 2022ರಲ್ಲಿ ರಿಮೇಕ್ ಆಯ್ತು. ಒಂಬತ್ತು ವರ್ಷಕ್ಕೆ ಮೂರು ಸಲ ಅದೇ ಕಥೆ, ನಮ್ಮ ಟೀವಿ ಸೀರಿಯಲ್‌ನೋರೂ ಇಷ್ಟು ಧೈರ್ಯ ಮಾಡಲ್ಲ.

ಈ ಸುಗ್ಗೀಲೇ ಇನ್ನೊಂದು ಗುಟ್ಟು ಹೊರಬಿದ್ದಿದ್ದು. ಕಂಪನಿಗಳ ಹತ್ರಾನೇ ಅವರ ಹಳೇ ಗೇಮ್ ಪೂರ್ತಿ ಇರ್ಲಿಲ್ಲ! 2012ರ ಸೈಲೆಂಟ್ ಹಿಲ್ ಎಚ್‌ಡಿ ಕಲೆಕ್ಷನ್ ಮಾಡೋಕೆ ಕೂತೋರಿಗೆ ಸಿಕ್ಕಿದ್ದು ಫೈನಲ್ ಕೋಡ್ ಅಲ್ಲ, ಕೆಲಸ ಮುಗಿಯೋಕ್ಕೆ ಮುಂಚಿನ ಅರೆಬರೆ ಕೋಡು. ಹಳೇ ಟೀಮ್ ಒಂದ್ಸಲ ತೆಗೆದಿದ್ದ ಬಗ್‌ಗಳ್ನೇ ಇವರು ಮತ್ತೆ ತೆಗೀಬೇಕಾಯ್ತು, ಅದರ ಮೇಲೆ ಮಂಜು ಬೇರೆ ತೆಳ್ಳಗಾಗಿ, ಮೊದಲು ಮಂಜಲ್ಲಿ ಮುಚ್ಚೋಗಿದ್ದ ಊರಿನ ಅಂಚೆಲ್ಲಾ ನಾಟಕದ ಪರದೆ ಹಿಂದೆ ಕಂಡಂಗೆ ಕಾಣ್ತಿತ್ತು. ಕಿಂಗ್‌ಡಮ್ ಹಾರ್ಟ್ಸ್ ಕಥೆನೂ ಹಂಗೇ, ಮೂಲ ಡೇಟಾ ಕಳೆದೋಗಿ ಮಾರಾಟ ಆಗಿದ್ದ ಡಿಸ್ಕನ್ನೇ ಅಗೆದು ಬಹಳಷ್ಟನ್ನ ಮತ್ತೆ ಮಾಡ್ಕೊಂಡ್ರು. ಇದಕ್ಕೆ ಉಲ್ಟಾ ಉದಾಹರಣೆ ಪ್ರಿನ್ಸ್ ಆಫ್ ಪರ್ಷಿಯಾ. 1989ರ ಆ ಆಟನ ಒಬ್ಬನೇ ಕೂತು ಬರೆದ ಜಾರ್ಡನ್ ಮೆಕ್ನರ್ ತನ್ನ ಸೋರ್ಸ್ ಕೋಡ್ ಕಳೆದೇಹೋಯ್ತು ಅನ್ಕೊಂಡಿದ್ದ, 2012ರಲ್ಲಿ ಅವರಪ್ಪ ಮನೇಲಿದ್ದ ಒಂದು ಡಬ್ಬ ಕಳಿಸಿದ್ರು, ಒಳಗೆ ಫ್ಲಾಪಿಗಳು. ಅಷ್ಟು ವರ್ಷದ ಮೇಲೂ ಓದೋಕ್ಕಾಯ್ತು, ಈಗ ಕೋಡ್ ಹಂಚ್ಕೊಳ್ಳೋ ವೆಬ್‌ಸೈಟು ಗಿಟ್‌ಹಬ್ಬಲ್ಲಿ ಯಾರು ಬೇಕಾದ್ರೂ ನೋಡ್ಬೋದು. ಕೋಟಿಗಟ್ಟಲೆ ದುಡಿಯೋ ಕಂಪನಿ ಕಳ್ಕೊಂಡಿದ್ದನ್ನ ಒಬ್ರು ಅಪ್ಪ ಉಳ್ಸಿದ್ರು ಅಂದ್ರೆ ಯೋಚ್ನೆ ಮಾಡಿ.

ಆಮೇಲಿನದು ಬೇಗ ಹೇಳ್ಬಿಡ್ತೀನಿ. 2017ರಲ್ಲಿ ಕ್ರ್ಯಾಶ್ ಬ್ಯಾಂಡಿಕೂಟ್ ಹೊಸ ರೂಪದಲ್ಲಿ ಬಂತು, 2019ರಲ್ಲಿ ರೆಸಿಡೆಂಟ್ ಈವಿಲ್ 2, 2020ರಲ್ಲಿ ಫೈನಲ್ ಫ್ಯಾಂಟಸಿ 7ರ ಮೊದಲ ಕಂತು, ಎಲ್ಲಾ ಚೆನ್ನಾಗೇ ಓಡಿದ್ವು. ಹೊಸ ಕಥೆ, ಹೊಸ ಹೀರೋ ಇಟ್ಕೊಂಡು ದುಡ್ಡು ಸುರಿಯೋಕಿಂತ ಜನಕ್ಕೆ ಮೊದಲೇ ಗೊತ್ತಿರೋ ಹೆಸರು ವಾಸಿ ಅಂತ ಲೆಕ್ಕ ಹಾಕಿದ್ರು. ಕ್ರ್ಯಾಶಲ್ಲಿ ಮಾತ್ರ ಒಂದು ಎಡವಟ್ಟಾಯ್ತು, ಹೀರೋನ ಕಾಲ ಕೆಳಗೆ ಲೆಕ್ಕಕ್ಕಿಟ್ಟಿರೋ ಆಕಾರ ಗುಳಿಗೆ ಥರ ದುಂಡಗಾಗಿ, ಮೊದಲು ತುದೀಲಿ ನಿಲ್ಲಬಹುದಾಗಿದ್ದ ಕಡೆ ಈಗ ಜಾರಿ ಕೆಳಗೆ. ನೋಡೋಕೆ ಏನೂ ವ್ಯತ್ಯಾಸ ಇಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತೆ.

ಜಗಳ ಹತ್ಕೊಂಡಿದ್ದು 2020ರಲ್ಲಿ. ವಾರ್‌ಕ್ರಾಫ್ಟ್ 3 ರಿಫೋರ್ಜ್ಡ್ ಅನ್ನೋ ರಿಮಾಸ್ಟರ್ ಜನವರೀಲಿ ಬಂತು, ಕೊಡ್ತೀವಿ ಅಂದಿದ್ದ ಹೊಸ ಸೀನ್‌ಗಳು ಇಲ್ಲ, ಹಳೇದ್ರಲ್ಲಿದ್ದ ಎಷ್ಟೋ ಸೌಲಭ್ಯ ಮಾಯ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಏನಂದ್ರೆ ಹೊಸದನ್ನ ಕೊಳ್ಳದೆ ಹಳೇದನ್ನೇ ಆನ್‌ಲೈನ್ ಆಡ್ಕೊಂಡಿದ್ದೋರೂ ಹೊಸ ಅಪ್‌ಡೇಟ್ ಹಾಕ್ಕೊಳ್ಳಲೇಬೇಕಾಯ್ತು. ಮಾರ್ಕೆಟ್ ರಿಪೇರಿ ಅಂತ ಹೇಳಿ ಹಳೇ ಮಳಿಗೆಯೋರ್ನೂ ಎಬ್ಬಿಸಿದಂಗೆ. ಬೈಗುಳ ತಡೀಲಾರದೆ ಕಂಪನಿ ಕೇಳಿದೋರಿಗೆ ದುಡ್ಡು ವಾಪಸ್ ಕೊಡ್ತು. 2021ರ ನವೆಂಬರಲ್ಲಿ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಟ್ರೈಲಜಿ ಬಂದಾಗ ಇನ್ನೂ ರಾದ್ಧಾಂತ. ಹೊಸದು ಬರೋಕ್ಕೆ ಮುಂಚೇನೇ ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರರ ಹಳೇ ಆವೃತ್ತಿನೂ ಡಿಜಿಟಲ್ ಅಂಗಡಿಗಳಿಂದ ಎತ್ತಿಟ್ರು. ಬಂದ ಹೊಸದ್ರಲ್ಲಿ ಹಳೇ ಚಿತ್ರಗಳ್ನ ಎಐ ಕೈಲಿ ದೊಡ್ಡದು ಮಾಡ್ಸಿದ್ರು, ಬೋರ್ಡ್ ಮೇಲಿನ ಅಕ್ಷರ ತಪ್ಪುತಪ್ಪು, ಮಳೆ ಬಂದ್ರೆ ದಾರಿ ಕಾಣಲ್ಲ. ನಂಗೆ ಮರೆಯೋಕ್ಕಾಗದೇ ಇರೋದು ಡೋನಟ್ ಅಂಗಡಿ ಬೋರ್ಡು. ಹಳೇದ್ರಲ್ಲಿ ಅದು ಆರು ಮೂಲೆಯ ನಟ್ಟು, ಬೋಲ್ಟ್ ನಟ್ಟು, ಡೋನಟ್ಟಲ್ಲಿರೋ ನಟ್ಟಿಗೆ ಜೋಕು. ಹೊಸದು ಮಾಡ್ವಾಗ ಮೂಲೆಯೆಲ್ಲಾ ಉಜ್ಜಿ ನಯ ಮಾಡಿ ದುಂಡಗೆ ಮಾಡ್ಬಿಟ್ಟಿದ್ರು. ನಟ್ಟೂ ಹೋಯ್ತು, ಜೋಕೂ ಹೋಯ್ತು! ಆಮೇಲೆ ಕ್ಷಮೆ ಕೇಳಿ, ಪಿಸಿಗೆ ಹಳೇ ಆವೃತ್ತಿಗಳ್ನ ತಮ್ಮದೇ ಅಂಗಡೀಲಿ ವಾಪಸ್ ಇಟ್ರು, ಬೆಳಕು ಬಣ್ಣ ಹಳೇ ಥರ ಕಾಣೋಹಂಗೆ ಅಪ್‌ಡೇಟ್ ಕೊಟ್ಟಿದ್ದು 2024ರಲ್ಲಿ, ಮೂರು ವರ್ಷ ಆದ್ಮೇಲೆ.

ಈಗ ನಮ್ಮೂರಿನ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಇಲ್ಲಿ ಕಥೆ ಸ್ವಲ್ಪ ಬೇರೆ. ಒರಿಜಿನಲ್ ಹಾಳು ಮಾಡಿದ್ರು ಅಂತ ನಾವೆಲ್ಲಾ ಬೈತೀವಲ್ಲ, ನಾವು ಒರಿಜಿನಲ್ ನೋಡಿದ್ದಾದ್ರೂ ಯಾವಾಗ? ಸರಸ್ವತಿಪುರಂ ಕಡೆ ಒಂದು ಸೈಬರ್ ಕೆಫೆ ಇತ್ತು, ಗಂಟೆಗೆ ಇಪ್ಪತ್ತು ರೂಪಾಯಿ, ಪ್ಲೈವುಡ್ ಗೂಡುಗಳು, ಬಾಗಿಲಲ್ಲಿ ಚಪ್ಲಿ ರಾಶಿ. ಅಲ್ಲಿದ್ದ ವೈಸ್ ಸಿಟಿ ರಿಪ್ ವರ್ಷನ್ನು, ಸೈಜ್ ಕಮ್ಮಿ ಮಾಡೋಕೆ ರೇಡಿಯೋ ಪೂರ್ತಿ ಕಿತ್ತಾಕಿದ್ರು. ಕಾರಿಗೆ ಹತ್ತಿದ್ರೆ ಬರೀ ಎಂಜಿನ್ ಸದ್ದು. ಮಿಷನ್ ಮಧ್ಯದ ಮಾತುಕತೆನೂ ಇಲ್ಲ, ಬಾಯಿ ಆಡುತ್ತೆ, ಧ್ವನಿ ಇಲ್ಲ, ನಾವೇ ಕನ್ನಡದಲ್ಲಿ ಡೈಲಾಗ್ ಹೊಡ್ಕೊಂಡು ಕಥೆ ಕಟ್ಕೋತಿದ್ವಿ. ವೈಸ್ ಸಿಟಿ ಅಂದ್ರೆ ಎಂಬತ್ತರ ದಶಕದ ಹಾಡಿನ ಆಟ ಅಂತ ನಂಗೆ ಗೊತ್ತಾಗಿದ್ದೇ ಕೆಲ್ಸಕ್ಕೆ ಸೇರಿ ದುಡ್ಡು ಕೊಟ್ಟು ತಗೊಂಡ್ಮೇಲೆ, ಅಷ್ಟೊತ್ತಿಗೆ ಹಾಡುಗಳ ಲೈಸೆನ್ಸ್ ಅವಧಿ ಮುಗಿದು ಕೆಲವು ಹಾಡು ಮರುಬಿಡುಗಡೆಯಿಂದ ಹೊರಗೆ ಹೋಗಿದ್ವು. ಕದ್ದು ಆಡ್ವಾಗ ಹಾಡಿರ್ಲಿಲ್ಲ, ಕೊಂಡು ಆಡ್ವಾಗ ಪೂರ್ತಿ ಹಾಡಿಲ್ಲ. ಯಾರ್ನ ಬೈಯೋಣ ಹೇಳಿ.

ಅದಕ್ಕೇ ರಿಮಾಸ್ಟರ್ ಅಂದ್ರೆ ಬರೀ ಹಳೇ ಜನದ ಜೇಬಿಗೆ ಕೈ ಹಾಕೋ ಉಪಾಯ ಅನ್ನೋ ಮಾತು ನಾನು ಪೂರ್ತಿ ಒಪ್ಪಲ್ಲ. ನಮ್ಮಂಥೋರಿಗೆ ಎಷ್ಟೋ ಆಟದ ಮೊದಲ ಪೂರ್ತಿ ಕಾಪಿನೇ ಅದು. ಆದ್ರೆ ಹೊಸದು ಬಂತು ಅಂತ ಹಳೇದನ್ನ ಅಂಗಡಿಯಿಂದ ತೆಗೀತಾರಲ್ಲ, ಅದು ಮಾತ್ರ ತಪ್ಪು, ಅಲ್ಲಿ ನನ್ ತಕರಾರು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ, 2010ಕ್ಕೆ ಮುಂಚೆ ಅಲ್ಲಿ ಬಂದ ಹಳೇ ಗೇಮ್‌ಗಳಲ್ಲಿ ನೂರಕ್ಕೆ 87 ಇವತ್ತು ಅಂಗಡೀಲಿ ಕೊಳ್ಳೋಕೇ ಸಿಗಲ್ಲ ಅಂತು. ನಮ್ ಕಡೆ ಹುಡುಗ್ರು ಪ್ರಾಣ ಬಿಡ್ತಿದ್ದ ರೋಡ್ ರ್ಯಾಷ್, 2005ರ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್, ಎರಡಕ್ಕೂ ರಿಮಾಸ್ಟರ್ ಬಂದಿಲ್ಲ. ಇಂಥ ಗೇಮ್‌ಗಳಲ್ಲಿ ಹಾಡಿಗೊಬ್ಬ ಮಾಲೀಕ, ಕಾರಿಗೊಬ್ಬ ಮಾಲೀಕ, ಎಲ್ಲರ ಹತ್ರಾನೂ ಮತ್ತೆ ಸೈನ್ ಹಾಕ್ಸೋದು ಅಂದ್ರೆ ಮೂವತ್ತು ಜನ ಪಾಲುದಾರರಿರೋ ಪಿತ್ರಾರ್ಜಿತ ಗದ್ದೆ ಮಾರೋಕೆ ಹೊರಟಂಗೆ, ಮಂಡ್ಯದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ.

ಬೇಜಾರಿನದು ಇನ್ನೊಂದಿದೆ. 2003ರ ಪ್ರಿನ್ಸ್ ಆಫ್ ಪರ್ಷಿಯಾ ಸ್ಯಾಂಡ್ಸ್ ಆಫ್ ಟೈಮ್ ರಿಮೇಕ್ ಮಾಡೋ ಕೆಲ್ಸ ಯೂಬಿಸಾಫ್ಟಿನ ಪುಣೆ, ಮುಂಬೈ ಸ್ಟುಡಿಯೋಗಳಿಗೆ ಸಿಕ್ಕಿತ್ತು, 2020ರ ಸೆಪ್ಟೆಂಬರಲ್ಲಿ ಟ್ರೈಲರ್ ಬಂತು. ಗ್ರಾಫಿಕ್ಸ್ ಹಳೇ ಕಾಲದ್ದು ಥರ ಇದೆ ಅಂತ ಪ್ರಪಂಚವೆಲ್ಲಾ ಆಡ್ಕೊಳ್ತು, ಮುಂದೂಡಿದ್ರು, ಮತ್ತೆ ಮುಂದೂಡಿದ್ರು, 2022ರಲ್ಲಿ ಕೆಲ್ಸಾನೇ ಮಾಂಟ್ರಿಯಲ್‌ಗೆ ಹೋಯ್ತು, ಕೊನೆಗೆ 2026ರ ಜನವರೀಲಿ ರದ್ದೇ ಮಾಡಿದ್ರು. ಹಳೇದು ಮುಟ್ಟೋದು ಹೊಸದು ಮಾಡೋಕಿಂತ ಸುಲಭ ಅನ್ಕೊಂಡಿರೋರು ಇದನ್ನ ನೋಡ್ಲಿ.

ಸರಿಯಾಗಿ ಮಾಡಿದೋರು ಯಾರು ಅಂದ್ರೆ ನಾನು ಏಜ್ ಆಫ್ ಎಂಪೈರ್ಸ್ 2 ತೋರಿಸ್ತೀನಿ. 1999ರ ಆಟ, 2013ರಲ್ಲಿ ಎಚ್‌ಡಿ, 2019ರಲ್ಲಿ ಡೆಫಿನಿಟಿವ್ ಎಡಿಷನ್ನು. ಎಚ್‌ಡಿ ಬಂದ ವರ್ಷದ ವಿಸ್ತರಣೇಲಿ ಇಡೀ ಇಂಡಿಯಾಗೆ ಸೇರಿ ಒಂದೇ ಪಡೆ ಕೊಟ್ಟಿದ್ರು, 2022ರಲ್ಲಿ ಅದನ್ನ ಒಡೆದು ಗುರ್ಜರರು, ಬಂಗಾಳಿಗಳು, ದ್ರಾವಿಡರು ಅಂತ ಬೇರೆ ಬೇರೆ ಮಾಡಿದ್ರು. ದ್ರಾವಿಡರಿಗೆ ಉರುಮಿ (ಚಾವಟಿ ಥರ ಬಳುಕೋ ಕತ್ತಿ) ಬೀಸೋ ಸೈನಿಕರು, ರಾಜೇಂದ್ರ ಚೋಳನ ದಂಡಯಾತ್ರೆ, ಮತ್ತೆ ವೂಟ್ಸ್ ಸ್ಟೀಲ್ ಅಂತ ಒಂದು ಶಕ್ತಿ. ವೂಟ್ಸ್ ಅನ್ನೋ ಇಂಗ್ಲಿಷ್ ಪದದ ಮೂಲ ನಮ್ಮ ಕನ್ನಡದ ಉಕ್ಕು ಅಂತಾನೇ ಡಿಕ್ಷನರಿಗಳು ಹೇಳೋದು. ರಾತ್ರಿ ಹನ್ನೆರಡಕ್ಕೆ ಆ ಬಟನ್ ಒತ್ತುವಾಗೆಲ್ಲಾ ಒಳಗೊಳಗೇ ಒಂಥರಾ ಖುಷಿ ಆಗುತ್ತೆ, ಹೊಯ್ಸಳರ್ನ ಬಿಟ್ಟು ಚೋಳರ್ನ ಹಾಕಿದಾರೆ ಅನ್ನೋ ಸಣ್ಣ ಹೊಟ್ಟೆಕಿಚ್ಚಿನ ಜೊತೆಗೆ.

ಹುಡ್ಗ ಊರಿಗೆ ಹೊರಡೋ ದಿನ ನಿನ್ ಕಾಲದ ಸಿಡಿ ತೋರ್ಸು ಮಾವ ಅಂದ. ಪೌಚಲ್ಲಿ ಇಟ್ಟಿದ್ದೆ ಕಣೋ ಅಂತ ಅಟ್ಟದ ಮೇಲೆಲ್ಲಾ ಹುಡುಕಿದ್ದಾಯ್ತು, ಪೌಚ್ ಖಾಲಿ. ಅಮ್ಮನ್ನ ಕೇಳಿದ್ರೆ ಬಾಲ್ಕನಿ ಕಡೆ ಕೈ ತೋರ್ಸಿದ್ರು. ಪಾರಿವಾಳ ಬರ್ಬಾರ್ದು ಅಂತ ಐದಾರು ಸಿಡಿನ ಹೂವು ಕಟ್ಟೋ ದಾರದಲ್ಲಿ ಸಾಲಾಗಿ ನೇತುಹಾಕಿದಾರೆ, ಒಂದರ ಮೇಲೆ ಮಾರ್ಕರಲ್ಲಿ ನನ್ನದೇ ಕೈಬರಹ, ವೈಸ್ ಸಿಟಿ + ಐಜಿಐ, ಅದೂ ಒಂದು ಗೇಮೇ. ಗಾಳಿಗೆ ತಿರುಗ್ತಾ ಇತ್ತು. ಅದರ ಪಕ್ಕದಲ್ಲೇ ಗ್ರಿಲ್ ಮೇಲೆ ಎರಡು ಪಾರಿವಾಳ ಕೂತಿದ್ವು.