ಪದ ಪರಿಚಯ: ಬೇರುಮುರಿತ

ಪೆಟ್ಟು ಬಿದ್ದಾಗ, ಒಸಡಿನ ಒಳಗೆ ಮೂಳೆಯಲ್ಲಿ ಹುದುಗಿರುವ ಹಲ್ಲಿನ ಬೇರು ಅಡ್ಡಲಾಗಿಯೋ ಓರೆಯಾಗಿಯೋ ತುಂಡಾಗುವುದಕ್ಕೆ ‘ಬೇರುಮುರಿತ’ ಎನ್ನುತ್ತಾರೆ. ಇದು ಹೆಚ್ಚಾಗಿ ಕಾಣುವುದು ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಲ್ಲಿ, ಅದರಲ್ಲೂ ಬೇರು ಪೂರ್ಣವಾಗಿ ಬೆಳೆದ ಹದಿಹರೆಯದವರಲ್ಲಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬವು ಮನೆಮಾತಾಗಿರುವ ಕೊಡಗಿನಲ್ಲಿ ಈ ಪದವನ್ನು ಪ್ರತಿ ಮನೆಯವರೂ ತಿಳಿದಿರಬೇಕು.

ಹಾಕಿ ಕೋಲಿನ ತುದಿ ಬಾಯಿಗೆ ತಗುಲಿದ ಹುಡುಗನೊಬ್ಬ ತುಟಿಗೆ ಕರವಸ್ತ್ರ ಒತ್ತಿಕೊಂಡು ಮೈದಾನದ ಅಂಚಿಗೆ ಬರುತ್ತಾನೆ ಎಂದುಕೊಳ್ಳಿ. ರಕ್ತ ಒರೆಸಿ ನೋಡಿದರೆ ಹಲ್ಲು ಇಡಿಯಾಗಿಯೇ ಇದೆ. ಆದರೆ ಪಕ್ಕದ ಹಲ್ಲಿಗಿಂತ ಅರ್ಧ ಅಕ್ಕಿಕಾಳಿನಷ್ಟು ಕೆಳಗೆ ಇಳಿದಿದೆ, ಬಾಯಿ ಮುಚ್ಚಿದರೆ ಮೊದಲು ಅದೇ ತಾಗುತ್ತದೆ, ನಾಲಿಗೆಯಿಂದ ತಳ್ಳಿದರೆ ಅಲುಗುತ್ತದೆ. “ಅಲ್ಲಾಡ್ತಾ ಉಂಟಲ್ಲ, ಕೀಳಿಸಿಬಿಡಿ” ಎನ್ನುವವರು ಸುತ್ತ ಇದ್ದೇ ಇರುತ್ತಾರೆ. ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ. ಸರಿಯಾದ ಚಿಕಿತ್ಸೆ ಸಿಕ್ಕಿದರೆ ಇಂಥ ಹಲ್ಲುಗಳಲ್ಲಿ ಬಹಳಷ್ಟು ಉಳಿಯುತ್ತವೆ.

ಮುರಿತವನ್ನು ಖಚಿತಪಡಿಸುವುದು ಎಕ್ಸ್‌ರೇ. ಕಿರಣವು ಬಿರುಕಿನ ಜಾಡಿನಲ್ಲೇ ಹಾದುಹೋದಾಗ ಮಾತ್ರ ಕಪ್ಪು ಗೆರೆ ಸ್ಪಷ್ಟವಾಗಿ ಮೂಡುವುದರಿಂದ, ಬೇರೆ ಬೇರೆ ಕೋನಗಳಿಂದ ಒಂದಕ್ಕಿಂತ ಹೆಚ್ಚು ಚಿತ್ರ ತೆಗೆಯಬೇಕಾಗುತ್ತದೆ. ಆಮೇಲೆ ವೈದ್ಯರು ಜಾರಿದ ತುಂಡನ್ನು ಬೆರಳಿನಿಂದ ಮೆಲ್ಲಗೆ ಸ್ವಸ್ಥಾನಕ್ಕೆ ಕೂರಿಸಿ, ತೆಳುವಾದ ತಂತಿಯನ್ನು ಹಲ್ಲಿನ ಬಣ್ಣದ ಅಂಟಿನಿಂದ ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ಕಟ್ಟುತ್ತಾರೆ. ಇದೇ ಸ್ಪ್ಲಿಂಟ್. ತೋಟದಲ್ಲಿ ಕಸಿ ಕಟ್ಟಿದವರಿಗೆ ಇದರ ತತ್ವ ಬೇಗ ಹೊಳೆಯುತ್ತದೆ: ತುಂಡುಗಳು ಕದಲಬಾರದು. ಆದರೆ ಈ ತಂತಿ ತುಸು ಬಾಗುವಂತಿರಬೇಕು. ಅಂತರರಾಷ್ಟ್ರೀಯ ದಂತ ಆಘಾತಶಾಸ್ತ್ರ ಸಂಘದ 2020ರ ಮಾರ್ಗಸೂಚಿಯಂತೆ ಸ್ಪ್ಲಿಂಟ್ 4 ವಾರ ಇರಬೇಕು. ಮುರಿತ ಒಸಡಿನ ಸಮೀಪವಿದ್ದರೆ 4 ತಿಂಗಳವರೆಗೂ ಬೇಕಾಗಬಹುದು.

ಹಲ್ಲಿನ ಒಳಗಿನ ತಿರುಳನ್ನು (ನರ, ರಕ್ತನಾಳಗಳಿರುವ ಮೃದು ಭಾಗ) ತೆಗೆದು ಆ ಜಾಗವನ್ನು ತುಂಬುವ ರೂಟ್ ಕೆನಾಲ್ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಪೆಟ್ಟಾದ ಹಲ್ಲಿನ ತಿರುಳು, ತಣ್ಣನೆಯದನ್ನು ತಾಗಿಸಿ ನೋಡುವ ಪರೀಕ್ಷೆಗೆ 3 ತಿಂಗಳವರೆಗೂ ಸ್ಪಂದಿಸದೇ ಇರಬಹುದು, ಅಷ್ಟರಿಂದಲೇ ಅದು ಸತ್ತಿದೆ ಎಂದು ತೀರ್ಮಾನಿಸಲಾಗದು. ಬಿರುಕಿನ ನಡುವೆ ಗಟ್ಟಿ ಅಂಗಾಂಶವೋ ನಾರಿನಂಥ ಅಂಗಾಂಶವೋ ಬೆಳೆದು ಹಲ್ಲು ತಾನಾಗಿ ಗುಣವಾಗಲು ಸಮಯ ಬೇಕು. ಒಂದು ವೇಳೆ ತಿರುಳು ನಿಜವಾಗಿ ಸತ್ತು ಸೋಂಕು ತಗುಲಿದರೂ, ಸಾಮಾನ್ಯವಾಗಿ ಬಾಧಿತವಾಗುವುದು ಬಿರುಕಿನಿಂದ ಬಾಯಿಯ ಕಡೆಗಿರುವ ತುಂಡು ಮಾತ್ರ. ಹಾಗಾಗಿ ಚಿಕಿತ್ಸೆಯನ್ನೂ ಮುರಿತದ ಗೆರೆಯವರೆಗೆ ನಡೆಸಿ ನಿಲ್ಲಿಸುತ್ತಾರೆ, ತುದಿಯ ತುಂಡನ್ನು ಮುಟ್ಟುವುದಿಲ್ಲ.

ಒಸಡಿನ ಅಂಚಿನಲ್ಲೇ ಬೇರು ಮುರಿದು ಬಾಯಿಯ ಕಡೆಗಿರುವ ತುಂಡು ನಿಲ್ಲದಿದ್ದರೆ ಅದನ್ನು ತೆಗೆದು, ಉಳಿದ ಬೇರು ಸಾಕಷ್ಟು ಉದ್ದವಿದ್ದಲ್ಲಿ ಅದನ್ನು ತಂತಿಯಿಂದ ನಿಧಾನವಾಗಿ ಹೊರಗೆಳೆದು, ರೂಟ್ ಕೆನಾಲ್ ಮುಗಿಸಿ, ಒಳಗೆ ಪೋಸ್ಟ್ (ಆಧಾರದ ಸಣ್ಣ ಕಡ್ಡಿ) ಕೂರಿಸಿ, ಅದರ ಮೇಲೆ ಕ್ಯಾಪ್ ಹಾಕುತ್ತಾರೆ. ಉದ್ದುದ್ದ ಸೀಳಿದ ಬೇರಿನ ಮಾತು ಬೇರೆ, ಅದನ್ನು ಉಳಿಸುವುದು ಕಷ್ಟ.

ಸ್ಪ್ಲಿಂಟ್ ಬಿಚ್ಚಿದ ಮೇಲೂ 5 ವರ್ಷದವರೆಗೆ ನಿಯತವಾಗಿ ತೋರಿಸಬೇಕು. ಮಗು ಓದಲು ಮೈಸೂರಿಗೋ ಮಂಗಳೂರಿಗೋ ಹೋಗಿ ಹಾಸ್ಟೆಲ್ ಸೇರಿದರೆ, ಮೊದಲ ದಿನದ ಎಕ್ಸ್‌ರೇಯನ್ನೂ ಜೊತೆಗೆ ಕಳುಹಿಸಿ. ಬೇರು ಕರಗುತ್ತಿದೆಯೇ, ಬಿರುಕು ಅಗಲವಾಗಿದೆಯೇ ಎಂಬುದನ್ನು ಅಲ್ಲಿನ ವೈದ್ಯರು ಅದರೊಡನೆ ಹೋಲಿಸಿ ನೋಡಬೇಕಾಗುತ್ತದೆ.