ಖಿನ್ನತೆಯಲ್ಲಿರುವ ಮಗುವಿಗೆ ಓದಿದ್ದು ಯಾಕೆ ನೆನಪಿರುವುದಿಲ್ಲ?

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಓದಿನಲ್ಲಿ ಚುರುಕಾಗಿದ್ದವಳು ಮೂರು ತಿಂಗಳಿಂದ ಏನು ಓದಿದರೂ ತಲೆಗೆ ಹತ್ತುತ್ತಿಲ್ಲ ಎನ್ನುತ್ತಾಳೆ. ಹೇಳಿದ ಕೆಲಸ ಮರೆಯುತ್ತಾಳೆ, ಮಾತೆತ್ತಿದರೆ ಸಿಡುಕುತ್ತಾಳೆ. ವೈದ್ಯರು ಖಿನ್ನತೆ ಎಂದಿದ್ದಾರೆ. ಖಿನ್ನತೆಯಿಂದ ನೆನಪಿನ ಶಕ್ತಿಯೂ ಹೋಗುತ್ತದೆಯೇ? ಮತ್ತೆ ಬರುತ್ತದೆಯೇ?

ಉತ್ತರ: ಬರುತ್ತದೆ. ಬಹುಪಾಲು ಮಕ್ಕಳಲ್ಲಿ ಚಿಕಿತ್ಸೆಯ ಜೊತೆಗೇ ಚೇತರಿಸಿಕೊಳ್ಳುತ್ತದೆ. ನಿಮ್ಮ ಮಗಳು ಬಳಸಿದ ಮಾತೇ ಸರಿಯಾದದ್ದು: ‘ತಲೆಗೆ ಹತ್ತುತ್ತಿಲ್ಲ’. ಎಷ್ಟೋ ಸಲ ಮಕ್ಕಳು ಪಾಠವನ್ನು ಮರೆತಿರುವುದಿಲ್ಲ, ಅದು ಮೊದಲಿಗೆ ಒಳಗೆ ಹೋಗಿಯೇ ಇರುವುದಿಲ್ಲ.

ಓದುವಾಗ ಕೇಳಿದ್ದನ್ನು, ನೋಡಿದ್ದನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಮುಂದಿನ ಹೆಜ್ಜೆ ಇಡಬೇಕು. ಇದನ್ನು ಕಾರ್ಯಸ್ಮರಣೆ ಎನ್ನುತ್ತಾರೆ. ಅದರ ಜಾಗ ಬಹಳ ಚಿಕ್ಕದು. ಖಿನ್ನತೆಯಲ್ಲಿ ‘ನಾನು ಪ್ರಯೋಜನಕ್ಕಿಲ್ಲ’, ‘ಎಲ್ಲರಿಗೂ ನನ್ನಿಂದ ತೊಂದರೆ’ ಎಂಬ ಯೋಚನೆಗಳು ಸುತ್ತಿ ಸುತ್ತಿ ಬಂದು ಆ ಜಾಗವನ್ನೇ ತುಂಬಿಬಿಡುತ್ತವೆ. 47ನ್ನು 8ರಿಂದ ಗುಣಿಸುವುದನ್ನೇ ನೋಡಿ. ಎಂಟೇಳಲಿ 56, 6 ಬರೆದು ಕೈಯಲ್ಲಿ 5. ಎಂಟ್ನಾಕಲಿ 32 ಎನ್ನುವಷ್ಟರಲ್ಲಿ ಆ 5 ಜಾರಿಹೋಗಿ, 376ರ ಬದಲು 326 ಎಂದು ಬರೆಯುತ್ತಾಳೆ. ಮಗ್ಗಿ ಅವಳಿಗೆ ಚೆನ್ನಾಗಿಯೇ ಗೊತ್ತು. ನೋಡುವವರಿಗೆ ಮಾತ್ರ ಇದು ಅಜಾಗರೂಕತೆಯಂತೆ ಕಾಣುತ್ತದೆ, ಬೈಗುಳ ಬೀಳುತ್ತದೆ, ‘ಪ್ರಯೋಜನಕ್ಕಿಲ್ಲ’ ಎಂಬ ಯೋಚನೆಗೆ ಇನ್ನೊಂದು ಸಾಕ್ಷಿ ಸಿಕ್ಕಿದಂತಾಗುತ್ತದೆ.

ಯೋಚನೆಯ ವೇಗವೂ ತಗ್ಗುತ್ತದೆ. ಉತ್ತರ ಗೊತ್ತಿದ್ದರೂ ಹೇಳಲು ಹೊತ್ತು ಹಿಡಿಯುತ್ತದೆ, ಯಾವ ಡ್ರೆಸ್ ಹಾಕಿಕೊಳ್ಳಲಿ ಎಂಬ ಚಿಕ್ಕ ತೀರ್ಮಾನವೂ ಭಾರವಾಗುತ್ತದೆ. ಇದರ ಮೇಲೆ ನಿದ್ದೆಗೆಟ್ಟರೆ, ಹಗಲು ಕಲಿತದ್ದು ರಾತ್ರಿ ಗಟ್ಟಿಯಾಗುವ ಕೆಲಸವೂ ಕುಂಟುತ್ತದೆ.

ಪೋಷಕರ ಕಣ್ಣಿಗೆ ಸುಲಭವಾಗಿ ಬೀಳದ ಬದಲಾವಣೆ ಇನ್ನೊಂದಿದೆ. ಕಹಿ ನೆನಪುಗಳು ತಾವಾಗಿಯೇ ಮೇಲೆ ಬರುತ್ತವೆ, ಸಿಹಿಯಾದವು ಮಸುಕಾಗುತ್ತವೆ. ‘ಈ ವಾರ ಏನು ಚೆನ್ನಾಗಿತ್ತು?’ ಎಂದು ಕೇಳಿದರೆ ಒಂದು ನಿರ್ದಿಷ್ಟ ದಿನವನ್ನು ಹೇಳಲಾಗದೆ ‘ನನಗೆ ಯಾವಾಗಲೂ ಹೀಗೇ’ ಎನ್ನುತ್ತಾಳೆ. ಅದು ಉದ್ಧಟತನವಲ್ಲ. ಸಿಡುಕೂ ಅಷ್ಟೆ: ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಖಿನ್ನತೆ ಅಳುವಿಗಿಂತ ಹೆಚ್ಚಾಗಿ ಸಿಟ್ಟಿನ ರೂಪದಲ್ಲೇ ಕಾಣಿಸಿಕೊಳ್ಳಬಹುದು.

ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಗಮನ ಕುಂದಬಹುದು. ಇವನ್ನು ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಕೇಳಿ. ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಆಗಿದ್ದರೆ ಅದರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇರುತ್ತವೆ. ಚೆನ್ನಾಗಿದ್ದ ಮಗು ಕೆಲವೇ ತಿಂಗಳಲ್ಲಿ ಹೀಗಾಗಿದ್ದರೆ ಖಿನ್ನತೆಯ ಕಡೆಗೇ ಹೆಚ್ಚು ಬೆರಳು ತೋರುತ್ತದೆ.

ಮನೆಯಲ್ಲಿ ಮಾಡಬೇಕಾದ್ದು, ಆ ಚಿಕ್ಕ ಜಾಗದ ಮೇಲಿನ ಹೊರೆ ಇಳಿಸುವುದು. ‘ಬ್ಯಾಗ್ ತೆಗೆದಿಡು, ಸ್ನಾನ ಮಾಡು, ಆಮೇಲೆ ವಿಜ್ಞಾನದ ನೋಟ್ಸ್ ಬರೆ’ ಎಂದು ಒಂದೇ ಉಸಿರಿಗೆ ಹೇಳಬೇಡಿ. ಒಂದು ಸಲಕ್ಕೆ ಒಂದು ಕೆಲಸ, ಉಳಿದದ್ದು ಚೀಟಿಯಲ್ಲಿ. ಲೆಕ್ಕದ ಪ್ರತಿ ಹೆಜ್ಜೆಯನ್ನೂ, ಕೈಯಲ್ಲಿ ಉಳಿದ ಅಂಕಿಯನ್ನೂ ಬರೆಸಿ. ಎರಡು ಗಂಟೆ ಕೂರಿಸುವ ಬದಲು 15 ನಿಮಿಷ ಓದು, 5 ನಿಮಿಷ ಬಿಡುವು. ಒಂದು ಪ್ಯಾರಾ ಮುಗಿದಾಗ ಪುಸ್ತಕ ಮುಚ್ಚಿ, ತನ್ನದೇ ಮಾತಿನಲ್ಲಿ ಎರಡು ವಾಕ್ಯ ಹೇಳಲಿ. ಹೇಳಲಾಗದಿದ್ದರೆ ಪ್ಯಾರಾವನ್ನು ಅರ್ಧ ಮಾಡಿ. ಒಂದೇ ಪುಟವನ್ನು ಹತ್ತು ಸಲ ಓದಿಸುವುದರಿಂದ ಸುಸ್ತಾಗುತ್ತದೆಯೇ ಹೊರತು ಉಪಯೋಗವಿಲ್ಲ.

ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಫೋನ್ ಕೋಣೆಯ ಹೊರಗಿರಲಿ, ರಜೆಯಲ್ಲೂ ಏಳುವ ಹೊತ್ತು ಹೆಚ್ಚು ಬದಲಾಗದಿರಲಿ. ಶಾಲೆಯಲ್ಲಿ ಹೋಂವರ್ಕ್ ಕಡಿಮೆ ಮಾಡಲು, ಪರೀಕ್ಷೆಗೆ ಹೆಚ್ಚಿನ ಸಮಯ ಕೊಡಲು ಕೇಳಿ. ಶಾಲೆಯನ್ನೇ ಬಿಡಿಸಬೇಡಿ, ದೂರವಿದ್ದಷ್ಟೂ ಮರಳುವುದು ಕಷ್ಟವಾಗುತ್ತದೆ.

ಚಿಕಿತ್ಸೆಯ ತಿರುಳು ಮಾತಿನ ಚಿಕಿತ್ಸೆ, ಅದರಲ್ಲೂ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಜಾಡನ್ನು ಬದಲಿಸಿಕೊಳ್ಳಲು ಕಲಿಸುವ ಚಿಕಿತ್ಸೆ. ತೀವ್ರತೆ ನೋಡಿ ವೈದ್ಯರು ಫ್ಲುಆಕ್ಸೆಟಿನ್‌ನಂಥ ಮಾತ್ರೆ ಸೇರಿಸಬಹುದು. ಪರಿಣಾಮ ಸರಿಯಾಗಿ ಕಾಣಲು 4ರಿಂದ 6 ವಾರ ಬೇಕು. ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚುತ್ತಿದೆಯೇ ಎಂದು ಹತ್ತಿರದಿಂದ ಗಮನಿಸಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಚೇತರಿಕೆಯಲ್ಲಿ ಒಂದು ಘಟ್ಟ ತುಂಬಾ ನಾಜೂಕು. ನಗು, ಹಸಿವು ಮೊದಲು ಮರಳಿ, ಏಕಾಗ್ರತೆ ಆಮೇಲೆ ನಿಧಾನವಾಗಿ ಬರಬಹುದು. ‘ಈಗ ಸರಿಹೋದೆಯಲ್ಲ, ಇನ್ನೇನು ನೆಪ?’ ಎಂಬ ಮಾತು ಬರುವುದು ಆಗಲೇ. ದಯವಿಟ್ಟು ಆ ಮಾತು ಬೇಡ. 15 ನಿಮಿಷದ ಓದನ್ನು ವಾರಕ್ಕೆ ಐದೈದು ನಿಮಿಷವಷ್ಟೇ ಬೆಳೆಸಿ.

ಸಾಯುವ ಮಾತಾಡಿದರೆ, ಮೈಗೆ ಗಾಯ ಮಾಡಿಕೊಂಡರೆ, ಪ್ರಿಯವಾದ ವಸ್ತುಗಳನ್ನು ಹಂಚತೊಡಗಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಅಂಥ ಯೋಚನೆ ಬರುತ್ತಿದೆಯೇ ಎಂದು ಅವಳನ್ನು ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡದೆ, ಮಾತ್ರೆಗಳನ್ನೂ ಹರಿತವಾದ ವಸ್ತುಗಳನ್ನೂ ಬೀಗ ಹಾಕಿಟ್ಟು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.