ಗೇರಿನ ಹಲ್ಲಿಗೆ ಏನೂ ಆಗಿಲ್ಲ, ಮಾಷ್ಟ್ರೇ

ಕಳೆದ ಮಳೆಗಾಲದಲ್ಲಿ ಪೆರ್ಲದ ಕಡೆಯ ಮಾಷ್ಟ್ರೊಬ್ಬರು ತಮ್ಮ ಸಣ್ಣ ಕಾರನ್ನು ಬದಿಯಡ್ಕದ ನನ್ನ ಶೆಡ್ಡಿಗೆ ತಂದರು. ಹಿಂದಿನ ಸೀಟಿನಲ್ಲಿ ಗೋಣಿ ಸುತ್ತಿದ ಒಂದು ಗೇರುಬಾಕ್ಸ್. ಗುಜರಿಯಲ್ಲಿ ಒಂಬತ್ತು ಸಾವಿರ ಕೊಟ್ಟು ತಂದದ್ದಂತೆ. "ಎರಡನೇ ಗೇರಿನ ಹಲ್ಲು ಹೋಗಿದೆ, ಹಾಕುವಾಗ ಕರ್ರ್ ಅಂತ ಶಬ್ದ. ಇದನ್ನು ಕೂರಿಸಿ ಕೊಡಿ, ಶನಿವಾರ ಮದುವೆಗೆ ಹೋಗ್ಲಿಕ್ಕುಂಟು" ಎಂದರು. ರೋಗ ಯಾವುದೆಂದು ಅವರೇ ಹೇಳಿಯಾಗಿತ್ತು, ಮದ್ದನ್ನೂ ಅವರೇ ತಂದಾಗಿತ್ತು. ನನಗೆ ಉಳಿದದ್ದು ಸ್ಪ್ಯಾನರ್ ಹಿಡಿಯುವ ಕೆಲಸ.

ಈ ಕಸುಬಿಗೆ ಇಳಿದು ಇಪ್ಪತ್ತು ವರ್ಷ ದಾಟಿತು. ಎಷ್ಟು ಗೇರುಬಾಕ್ಸ್ ಬಿಚ್ಚಿದ್ದೇನೋ ಲೆಕ್ಕ ಇಟ್ಟಿಲ್ಲ. ಅವುಗಳಲ್ಲಿ ನಿಜವಾಗಿ ಗೇರಿನ ಹಲ್ಲು ಸವೆದೋ ಮುರಿದೋ ಹೋದದ್ದನ್ನು ಬೆರಳಲ್ಲಿ ಎಣಿಸಬಹುದು. ಅದರಲ್ಲೂ ಹೆಚ್ಚಿನವು ಎಣ್ಣೆ ಸೋರಿ ಒಣಗಿ ಓಡಿದವು. ಆದರೂ ಬರುವವರೆಲ್ಲರ ಬಾಯಲ್ಲಿ ಒಂದೇ ಮಾತು, ಹಲ್ಲು ಹೋಗಿದೆ.

ಹಾಗಾಗಿ ಇದನ್ನು ಒಮ್ಮೆ ಉದ್ದಕ್ಕೆ ಹೇಳಿಬಿಡುತ್ತೇನೆ. ಲಿವರ್ ಎಳೆದಾಗ ಒಳಗೆ ಒಂದು ಹಲ್ಲಿನ ಚಕ್ರ ಸರಿದು ಹೋಗಿ ಇನ್ನೊಂದನ್ನು ಕಚ್ಚುತ್ತದೆ ಎಂದು ನೀವು ಎಣಿಸಿದ್ದೀರಿ. ಇಲ್ಲ. ಮುಂದಕ್ಕೆ ಹೋಗುವ ಐದು ಜೊತೆ ಚಕ್ರಗಳೂ ಕಾರ್ಖಾನೆಯಲ್ಲಿ ಜೋಡಿಸಿದ ದಿನದಿಂದ ಕಚ್ಚಿಕೊಂಡೇ ಇವೆ. ಬಸ್ ಸ್ಟ್ಯಾಂಡಿನ ಎದುರು ನ್ಯೂಟ್ರಲ್‌ನಲ್ಲಿ ನಿಂತಾಗಲೂ ಕಚ್ಚಿಕೊಂಡಿವೆ, ರಾತ್ರಿ ಅಂಗಳದಲ್ಲಿ ಕಾರು ಮಲಗಿದಾಗಲೂ ಕಚ್ಚಿಕೊಂಡಿವೆ. ಪ್ರತಿ ಜೊತೆಯಲ್ಲಿ ಒಂದು ಚಕ್ರ ತನ್ನ ಶಾಫ್ಟಿಗೆ ಗಟ್ಟಿ, ಇನ್ನೊಂದು ತನ್ನ ಶಾಫ್ಟಿನ ಮೇಲೆ ಬಿಡಿಯಾಗಿ ತಿರುಗುತ್ತಿರುತ್ತದೆ. ಆ ಬಿಡಿ ಚಕ್ರವನ್ನು ಶಾಫ್ಟಿಗೆ ಬೀಗ ಹಾಕಿದರೆ ಗೇರು ಬಿದ್ದ ಹಾಗೆ. ಬೀಗ ಹಾಕುವುದು ಸ್ಲೀವ್ ಎಂಬ ಉಕ್ಕಿನ ಸುತ್ತು. ಸರಿಯುವುದು ಅದೊಂದೇ.

ಸ್ಲೀವಿಗೂ ಚಕ್ರಕ್ಕೂ ನಡುವೆ ಮಗುವಿನ ಬಳೆಯಷ್ಟು ಅಗಲದ ಒಂದು ಉಂಗುರ ಇರುತ್ತದೆ. ಸಿಂಕ್ರೊ ರಿಂಗ್ ಎನ್ನುತ್ತೇವೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿತ್ತಾಳೆಯದ್ದು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡನ್ನು ಉಜ್ಜಿ ಒಂದೇ ವೇಗಕ್ಕೆ ತರುವುದು, ಅಲ್ಲಿವರೆಗೆ ಸ್ಲೀವನ್ನು ತಡೆದು ನಿಲ್ಲಿಸುವುದು ಅದರ ಕೆಲಸ. ಹೊಸ ರಿಂಗಿನ ಒಳಮೈಯಲ್ಲಿ ಉಗುರು ಎಳೆದು ನೋಡಿ, ಸಣ್ಣ ಸಣ್ಣ ಗೀರುಗಳಿಗೆ ಉಗುರು ಸಿಕ್ಕಿ ಟರ್ರ್ ಎನ್ನುತ್ತದೆ. ಆ ಗೀರುಗಳು ಎಣ್ಣೆಯ ಪದರವನ್ನು ಕತ್ತರಿಸಿದರೇ ರಿಂಗಿಗೆ ಹಿಡಿತ. ಸವೆದ ರಿಂಗಿನ ಮೇಲೆ ಉಗುರು ಜಾರಿಕೊಂಡು ಹೋಗುತ್ತದೆ. ರಿಂಗನ್ನು ಅದು ಕೂರುವ ಚಕ್ರದ ಇಳಿಜಾರು ಮೈಗೆ (ಕೋನ್ ಎನ್ನುತ್ತೇವೆ) ಒತ್ತಿ, ಸಂದಿಯಲ್ಲಿ ಫೀಲರ್ ಗೇಜ್ ಎಂಬ ತೆಳು ತಗಡಿನ ಅಳತೆಪಟ್ಟಿ ತೂರಿಸಿದರೆ ಹೊಸದರಲ್ಲಿ ಸುಮಾರು 1 ಮಿ.ಮೀ. ಸಿಗುತ್ತದೆ. ಅರ್ಧ ಮಿ.ಮೀ.ಗೆ ಇಳಿದರೆ ಹಲವು ಗಾಡಿಗಳಲ್ಲಿ ಅದರ ಆಯುಷ್ಯ ಮುಗಿಯಿತೆಂದೇ ಲೆಕ್ಕ. ನಿಮ್ಮ ಗಾಡಿಯ ಅಳತೆ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ, ನನ್ನ ಮಾತನ್ನೇ ಹಿಡಿಯಬೇಡಿ.

ನಿಮಗೆ ಕೇಳುವ ಆ ಕರ್ರ್, ರಿಂಗು ವೇಗ ಸರಿಮಾಡುವ ಮೊದಲೇ ಸ್ಲೀವ್ ಹೋಗಿ ಚಕ್ರದ ಬದಿಯಲ್ಲಿರುವ ಬೀಗದ ಕಿರುಹಲ್ಲುಗಳಿಗೆ ಹೊಡೆಯುವ ಶಬ್ದ. ಹೆಚ್ಚು ದಿನ ಹಾಗೇ ಓಡಿಸಿದರೆ ಆ ಕಿರುಹಲ್ಲುಗಳ ಮೊನೆಯೂ ಹೋಗುತ್ತದೆ, ಆಮೇಲೆ ಖರ್ಚು ನಿಜಕ್ಕೂ ದೊಡ್ಡದು. ದೊಡ್ಡ ಹಲ್ಲುಗಳು ಆಗಲೂ ಆರಾಮವಾಗಿರುತ್ತವೆ.

ಎರಡನೇ ಗೇರೇ ಯಾಕೆ ಮೊದಲು ಎಂದು ಕೇಳಿ. ಮೂರನೇ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎನ್ನಿ. ಚಡಾವು ಬಂತು, ಎರಡಕ್ಕೆ ಇಳಿಸಿದಿರಿ. ಅದೇ ವೇಗಕ್ಕೆ ಈಗ ಸುಮಾರು 3000 ಸುತ್ತು ಬೇಕು. ಇಂಜಿನ್ ಕಡೆಯ ಶಾಫ್ಟು, ಅದಕ್ಕಂಟಿದ ಕ್ಲಚ್ ಪ್ಲೇಟು ಎಲ್ಲವನ್ನೂ ಕಣ್ಣುಮಿಟುಕಿಸುವುದರೊಳಗೆ ಸಾವಿರ ಸುತ್ತು ಮೇಲೆ ಎಳೆಯಬೇಕಾದ್ದು ಆ ಬಳೆ. ನಮ್ಮಲ್ಲಿ ಗುಡ್ಡೆಯಿಂದ ತೋಟಕ್ಕೆ, ತೋಟದಿಂದ ಗುಡ್ಡೆಗೆ ದಿನಕ್ಕೆ ನಾಲ್ಕು ಸಲ, ಜೊತೆಗೆ ಡಿಕ್ಕಿಯಲ್ಲಿ ಅಡಿಕೆ ಮೂಟೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66 ಅಗಲ ಮಾಡುವ ಕೆಲಸ ನಡೆದ ವರ್ಷಗಳಲ್ಲಿ ಸರ್ವಿಸ್ ರೋಡಿನಲ್ಲಿ ಒಂದು-ಎರಡು, ಎರಡು-ಒಂದು ಮಾಡಿದ್ದನ್ನೂ ಸೇರಿಸಿ. ಅಷ್ಟಾದರೂ ರಿಂಗು ತಾಳುತ್ತದೆ, ಪೆಡಲ್ ಒತ್ತಿದಾಗ ಕ್ಲಚ್ ಇಂಜಿನ್ನನ್ನು ಪೂರ್ತಿ ಬಿಟ್ಟುಕೊಟ್ಟರೆ. ಕ್ಲಚ್ ಅರ್ಧಂಬರ್ಧ ಹಿಡಿದುಕೊಂಡೇ ಇದ್ದರೆ ಆ ಬಳೆ ಇಡೀ ಇಂಜಿನ್ನಿನ ಜೊತೆ ಹಗ್ಗಜಗ್ಗಾಟಕ್ಕೆ ನಿಂತ ಹಾಗೆ.

ಅದಕ್ಕೇ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ. ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ನಿಲ್ಲಿಸಿ ಎಲ್ಲ ಗೇರೂ ಹಾಕಿ ನೋಡಿ. ಮತ್ತೆ ನ್ಯೂಟ್ರಲಿಗೆ ತಂದು ಇಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಹಾಗೆಯೇ ನೋಡಿ. ನಿಲ್ಲಿಸಿದಾಗ ಸಲೀಸು, ಸ್ಟಾರ್ಟ್ ಆದಾಗ ಗಟ್ಟಿ ಎಂದಾದರೆ ಮೊದಲ ಸಂಶಯ ಕ್ಲಚ್ಚಿನ ಮೇಲೆ, ಗೇರುಬಾಕ್ಸಿನ ಮೇಲಲ್ಲ. ಇದೇ ಕೊನೆಯ ತೀರ್ಮಾನ ಎಂದು ನಾನು ಹೇಳುವುದಿಲ್ಲ. ಫೋನಿನಲ್ಲಿ ಶಬ್ದ ಕೇಳಿಸಿ "ಇದು ಎಂತದ್ದು ಹೇಳಿ" ಅಂದರೂ ಹೇಳುವುದಿಲ್ಲ.

ಮಾಷ್ಟ್ರ ಕಾರಿನಲ್ಲಿ ಇದನ್ನೇ ಮಾಡಿದೆ. ಇಂಜಿನ್ ನಿಲ್ಲಿಸಿದರೆ ಬೆಣ್ಣೆಯ ಹಾಗೆ ಬೀಳುತ್ತದೆ. ಬಗ್ಗಿ ಕ್ಲಚ್ ಪೆಡಲಿನ ಅಡಿಗೆ ಕೈ ಹಾಕಿದೆ. ಒಂದು ರಬ್ಬರ್ ಮ್ಯಾಟ್, ಅದರ ಮೇಲೆ ಇನ್ನೊಂದು ದಪ್ಪದ ಮ್ಯಾಟ್, ಕೆಸರಾಗಬಾರದೆಂದು ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಗೋಣಿ. ಪೆಡಲ್ ನೆಲ ಮುಟ್ಟಲು ಒಂದೂವರೆ ಇಂಚು ಇರುವಾಗಲೇ ನಿಲ್ಲುತ್ತದೆ! ಎಲ್ಲ ಎಳೆದು ಹೊರಗೆ ಹಾಕಿ, ಸಡಿಲಾಗಿದ್ದ ಕೇಬಲ್ ಬಿಗಿ ಮಾಡಿ, ಮುಳ್ಳೇರಿಯದ ಕಡೆ ಒಂದು ಸುತ್ತು ಹೋಗಿ ಬನ್ನಿ ಅಂದೆ. ಬಂದರು. ಮುಖದಲ್ಲಿ ಸಂತೋಷ ಕಾಣಲಿಲ್ಲ. "ಹಾಗಾದ್ರೆ ಇದನ್ನು ಎಂತ ಮಾಡುದು?" ಎಂದು ಗೋಣಿ ಸುತ್ತಿದ ಗೇರುಬಾಕ್ಸನ್ನು ತೋರಿಸಿದರು. ಇಷ್ಟು ತಿಂಗಳಲ್ಲಿ ರಿಂಗಿಗೆ ಒಂದಿಷ್ಟು ಪೆಟ್ಟು ಬಿದ್ದಿರಲೂಬಹುದು, ಬಿಚ್ಚದೆ ಗೊತ್ತಾಗದು ಎಂದೂ ಹೇಳಿ ಕಳಿಸಿದೆ.

ರಿವರ್ಸ್ ಮಾತ್ರ ಬೇರೆ ಜಾತಿ. ಹಲವು ಸಣ್ಣ ಕಾರುಗಳಲ್ಲಿ ಅದಕ್ಕೆ ರಿಂಗೇ ಇಲ್ಲ, ಅಲ್ಲಿ ನಿಜವಾಗಿಯೂ ಚಕ್ರ ಸರಿದು ಕಚ್ಚುತ್ತದೆ. ಕಾರು ಪೂರ್ತಿ ನಿಲ್ಲಲಿ, ಕ್ಲಚ್ ಒತ್ತಿ ಎರಡು ಮೂರು ಸೆಕೆಂಡು ತಾಳಿ. ಹಿಂದೆ ಹೋಗುವಾಗ ಬರುವ ಊಯ್ ಎಂಬ ಶಬ್ದ ನೇರ ಹಲ್ಲಿನದ್ದು, ಅದಕ್ಕೆ ಹೆದರಬೇಡಿ.

ನಾನು ಕೆಲಸ ಕಲಿಯುವಾಗ ಶೆಡ್ಡಿಗೆ ಬರುತ್ತಿದ್ದ ಒಬ್ಬ ಜೀಪಿನ ಡ್ರೈವರಣ್ಣನ ನೆನಪಾಗುತ್ತದೆ. ವೇಗ ಸರಿಮಾಡುವ ಈ ಏರ್ಪಾಡನ್ನು, ಅಂದರೆ ಸಿಂಕ್ರೊಮೆಶ್ಶನ್ನು, 1928ರಲ್ಲೇ ಕ್ಯಾಡಿಲಾಕ್ ಕಾರಿನಲ್ಲಿ ತಂದಿದ್ದರೂ, ನಮ್ಮ ಹಳೆಯ ಅಂಬಾಸಿಡರಿನ ಒಂದನೇ ಗೇರಿಗೆ ಅದು ಇರಲಿಲ್ಲ. ಅಂಥ ಗಾಡಿಗಳಲ್ಲಿ ಪಳಗಿದ ಕೈ ಅವರದ್ದು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಚೂರು ಆಕ್ಸಿಲೇಟರ್, ಮತ್ತೆ ಕ್ಲಚ್, ಗೇರು. ಹೊಸ ಕಾರು ಕೊಟ್ಟರೂ ಹಾಗೆಯೇ. ಎರಡೇ ಬೆರಳಲ್ಲಿ ಲಿವರ್ ಸರಿಸುತ್ತಿದ್ದರು, ಸರಿಸಿದ ಮೇಲೆ ಕೈ ತೆಗೆಯುತ್ತಿದ್ದರು. ಈಗಿನವರು ಲಿವರ್ ಮೇಲೆ ಕೈ ಇಟ್ಟೇ ಬದಿಯಡ್ಕದಿಂದ ಕುಂಬಳೆವರೆಗೆ ಹೋಗುತ್ತಾರೆ. ಆ ಭಾರಕ್ಕೆ, ಸ್ಲೀವನ್ನು ಸರಿಸುವ ಒಳಗಿನ ಫೋರ್ಕು ತಿರುಗುವ ಸ್ಲೀವಿಗೆ ಒರಸಿಕೊಂಡೇ ಇರುತ್ತದೆ.

ಎಣ್ಣೆಯ ವಿಷಯ. "ವರ್ಷ ವರ್ಷ ಆಯಿಲ್ ಬದಲಿಸ್ತೇನಲ್ಲ" ಎನ್ನುವವರು ಬದಲಿಸಿದ್ದು ಇಂಜಿನ್ ಆಯಿಲ್. ಗೇರುಬಾಕ್ಸಿನದ್ದು ಬೇರೆಯೇ, ಎರಡು ಲೀಟರಿನ ಆಸುಪಾಸು. ಎದುರು ಚಕ್ರ ಎಳೆಯುವ ಕಾರುಗಳಲ್ಲಿ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲಿಗೂ ಅದೇ ಎಣ್ಣೆ. ಹೆಚ್ಚಿನವುಗಳಲ್ಲಿ ಅಳೆಯುವ ಕಡ್ಡಿ ಇಲ್ಲ, ಬದಿಯ ಬೋಲ್ಟು ಬಿಚ್ಚಿ ತೂತಿನ ಅಂಚಿನವರೆಗೆ ಎಣ್ಣೆ ಇದೆಯಾ ಎಂದು ಬೆರಳಿಟ್ಟು ನೋಡಬೇಕು. ಆಕ್ಸಲಿನ ಸೀಲ್ ಸೋರಿ ಮಟ್ಟ ಇಳಿದರೆ, ಕೊನೆಯ ಮುಚ್ಚಳದೊಳಗೆ ಐದನೇ ಗೇರಿರುವ ಗಾಡಿಗಳಲ್ಲಿ ಮೊದಲು ಒಣಗುವುದು ಅದೇ. ಗೇರು ಗಟ್ಟಿಯಾಗಿದೆ ಎಂದು ಅಂಗಡಿಯವರು ಕೊಟ್ಟ ದಪ್ಪ ಎಣ್ಣೆ ಸುರಿಯಬೇಡಿ. ಪುಸ್ತಕದಲ್ಲಿ ಎಣ್ಣೆಯ ದರ್ಜೆ ಜಿಎಲ್-4 ಎಂದಿದ್ದರೆ ಜಿಎಲ್-4. ಜಿಎಲ್-5ರಲ್ಲಿ ಗಂಧಕ-ರಂಜಕದ ಮದ್ದು ಹೆಚ್ಚು, ಕೆಲವು ಎಣ್ಣೆಗಳಲ್ಲಿ ಅದು ಹಿತ್ತಾಳೆಯನ್ನು ತಿನ್ನುತ್ತದೆ. ಜಾರಿಕೆಯೂ ಹೆಚ್ಚಾಗಿ ರಿಂಗಿನ ಹಿಡಿತ ತಪ್ಪಬಹುದು.

ಮುಂದಿನ ಸಲ ಗೇರ್ ಆಯಿಲ್ ಬದಲಿಸುವಾಗ ಹಳೆಯದನ್ನು ಚೆಲ್ಲುವ ಮೊದಲು ಬಿಳಿ ಬೇಸನಿಗೆ ಹಿಡಿದು ತೋರಿಸಿ ಎಂದು ಮೆಕ್ಯಾನಿಕರಿಗೆ ಹೇಳಿ. ಬೋಲ್ಟಿನ ಅಯಸ್ಕಾಂತದಲ್ಲಿ ಬೂದು ಬಣ್ಣದ ಮೆತ್ತನೆ ಪೇಸ್ಟ್ ಇದ್ದರೆ ಮಾಮೂಲಿ. ಎಣ್ಣೆಯಲ್ಲಿ ಚಿನ್ನದ ಹುಡಿಯ ಹಾಗೆ ಸ್ವಲ್ಪ ಮಿನುಗಿದರೆ ಅದು ರಿಂಗು, ತುಂಬ ಮಿನುಗಿದರೆ ಹಣ ತೆಗೆದಿಡಿ. ಉಗುರಿಗೆ ಸಿಗುವ ಉಕ್ಕಿನ ಚೂರು ಕಂಡರೆ ಕಾರನ್ನು ಅಲ್ಲೇ ನಿಲ್ಲಿಸಿ. ಹಾಲು ಹಾಕಿದ ಚಹಾದ ಬಣ್ಣವಾದರೆ, ಮಳೆಯಲ್ಲಿ ಯಾವ ತೋಡು ದಾಟಿದ್ದು ಎಂದು ನೆನಪು ಮಾಡಿಕೊಳ್ಳಿ.